ಬ್ಯಾಟಲ್ ಫಾರ್ ವೆಸ್‌ನಾತ್: ಎಲ್ಲಿ ನಿಲ್ಲಬೇಕು, ಯಾವಾಗ ಹೊಡೆಯಬೇಕು

ನಮ್ಮ ತುಮಕೂರಿನ ಹಾಸ್ಟೆಲ್‌ಗಳಲ್ಲಿ, ರೂಮ್‌ಗಳಲ್ಲಿ ಹುಡುಗರ ಹತ್ತಿರ ಇರುವ ಲ್ಯಾಪ್‌ಟಾಪ್‌ಗಳನ್ನು ನೋಡಿದ್ದೀರಲ್ವಾ? ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಗ್ರಾಫಿಕ್ಸ್ ಕಾರ್ಡ್ ಇರೋದಿಲ್ಲ. ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್. ಇದರಲ್ಲಿ ಯಾವ ಗೇಮ್ ಆಡಬಹುದು ಅಂತ ಯಾರು ಕೇಳಿದರೂ ನಾನು ಹೇಳುವುದು ಒಂದೇ ಹೆಸರು, ಬ್ಯಾಟಲ್ ಫಾರ್ ವೆಸ್‌ನಾತ್.

ಡೇವಿಡ್ ವೈಟ್ ಎಂಬಾತ 2003ರಲ್ಲಿ ಶುರು ಮಾಡಿದ ಗೇಮ್ ಇದು, ಸರದಿ ಪ್ರಕಾರ ಸೈನ್ಯ ನಡೆಸಿ ಯುದ್ಧ ಮಾಡುವಂಥದ್ದು. ಹಳೇ ಸೆಗಾ ಕನ್ಸೋಲ್‌ನ ಮಾಸ್ಟರ್ ಆಫ್ ಮಾನ್‌ಸ್ಟರ್ಸ್, ವಾರ್‌ಸಾಂಗ್ ಎಂಬ ಎರಡು ಆಟಗಳು ಅವನಿಗೆ ಪ್ರೇರಣೆ. ಆಮೇಲೆ ದೇಶ ದೇಶದ ಜನ ಬಿಡುವಿನ ವೇಳೆಯಲ್ಲಿ ಚಿತ್ರ ಬರೆದು, ಸಂಗೀತ ಮಾಡಿ, ಕಥೆ ಕಟ್ಟಿ ಬೆಳೆಸಿದರು. ಇಪ್ಪತ್ತು ವರ್ಷ ದಾಟಿದೆ, ಇನ್ನೂ ಹೊಸ ಆವೃತ್ತಿಗಳು ಬರುತ್ತಲೇ ಇವೆ. ಪೂರ್ತಿ ಉಚಿತ, ಜಾಹೀರಾತಿಲ್ಲ, ಒಳಗೆ ಕಾಸು ಕೊಟ್ಟು ಕೊಳ್ಳುವಂಥದ್ದು ಏನೂ ಇಲ್ಲ. ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ.

ಆದರೆ ಎರಡು ಸಲ ಸೋತ ಕೂಡಲೇ ಅನ್‌ಇನ್‌ಸ್ಟಾಲ್ ಮಾಡುವವರು ಜಾಸ್ತಿ. ಕೇಳಿದರೆ, "ಬರೀ ಲಕ್ ಗೇಮ್, ನಮ್ಮ ಏಟು ಬೀಳೋದೇ ಇಲ್ಲ" ಅನ್ನುತ್ತಾರೆ. ಅದೃಷ್ಟ ಇದೆ, ನಿಜ. ಆದರೆ ಆ ಅದೃಷ್ಟದ ಲೆಕ್ಕ ಪೂರ್ತಿ ನಿಮ್ಮ ಕಣ್ಣೆದುರೇ ಇರುತ್ತದೆ. ನಿಮ್ಮವನು ಯಾವ ನೆಲದ ಮೇಲೆ ನಿಂತಿದ್ದಾನೆ, ಹೊಡೆತ ನಡೆಯುವಾಗ ಹಗಲೋ ರಾತ್ರಿಯೋ, ಈ ಎರಡನ್ನು ನೋಡಿ ಆಡಿದರೆ ಅರ್ಧಕ್ಕಿಂತ ಹೆಚ್ಚು ಯುದ್ಧಗಳು ಏಟು ಬೀಳುವ ಮುಂಚೆಯೇ ತೀರ್ಮಾನ ಆಗಿರುತ್ತವೆ. ಅದನ್ನೇ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಇಳಿಸಿಕೊಳ್ಳಿ

ವೆಸ್‌ನಾತ್‌ನ ಸ್ವಂತ ವೆಬ್‌ಸೈಟ್‌ನಲ್ಲೂ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲೂ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಉಬುಂಟು ಹಾಕಿಕೊಂಡವರು ಅದರ ಆ್ಯಪ್ ಸೆಂಟರ್‌ನಲ್ಲಿ ಹುಡುಕಿದರೆ ಸಾಕು. ಕೆಲವು ನೂರು ಎಂಬಿ ಇರುತ್ತದೆ, ಆದ್ದರಿಂದ ಕಾಲೇಜಿನಲ್ಲೋ ಸ್ನೇಹಿತರ ಮನೆಯಲ್ಲೋ ವೈಫೈ ಸಿಕ್ಕಾಗ ಇಳಿಸಿಟ್ಟುಕೊಳ್ಳಿ. ಒಮ್ಮೆ ಇಳಿಸಿದ ಮೇಲೆ ಒಬ್ಬರೇ ಆಡಲು ನೆಟ್ ಬೇಡ.

ಆವೃತ್ತಿಯ ನಂಬರ್ ಗಮನಿಸಿ. ಮೊದಲ ಚುಕ್ಕಿಯ ನಂತರದ ಸಂಖ್ಯೆ ಸಮಸಂಖ್ಯೆ ಆಗಿದ್ದರೆ, ಅಂದರೆ 1.16, 1.18 ಹೀಗೆ, ಅದು ಎಲ್ಲರೂ ಆಡುವ ಸ್ಥಿರ ಆವೃತ್ತಿ. ಬೆಸಸಂಖ್ಯೆ ಇದ್ದರೆ ಇನ್ನೂ ಕೆಲಸ ನಡೆಯುತ್ತಿದೆ ಅಂತ ಅರ್ಥ. ಹೊಸಬರು ಸಮಸಂಖ್ಯೆಯದ್ದನ್ನೇ ತೆಗೆದುಕೊಳ್ಳಿ. ನಾನು ಕೆಳಗೆ ಕೊಡುವ ಅಂಕಿಗಳಲ್ಲಿ ಆವೃತ್ತಿಯಿಂದ ಆವೃತ್ತಿಗೆ ಒಂದೆರಡು ಆಚೀಚೆ ಆಗಬಹುದು, ಲೆಕ್ಕದ ರೀತಿ ಬದಲಾಗುವುದಿಲ್ಲ.

ಕರೆಂಟ್ ಹೋಗುವ ಚಿಂತೆ ಬೇಡ. ಪ್ರತಿ ಟರ್ನಿಗೂ, ಅಂದರೆ ಪ್ರತಿ ಸರದಿಗೂ ಗೇಮ್ ತಾನೇ ಸೇವ್ ಮಾಡಿಕೊಳ್ಳುತ್ತದೆ. ಲೋಡ್ ಒತ್ತಿದರೆ ಬಿಟ್ಟಲ್ಲಿಂದ ಮುಂದುವರಿಸಬಹುದು.

ಟ್ಯುಟೋರಿಯಲ್ ಬಿಡಬೇಡಿ

ಮೆನುವಿನಲ್ಲಿ ಮೊದಲು ಟ್ಯುಟೋರಿಯಲ್ ಒತ್ತಿ. ಡೆಲ್ಫಡಾರ್ ಎಂಬ ಮುದುಕ ಮಾಂತ್ರಿಕ ನಡೆಯುವುದು, ಹೊಡೆಯುವುದು, ಸೈನಿಕರನ್ನು ಕರೆಯುವುದು ಎಲ್ಲ ಹೇಳಿಕೊಡುತ್ತಾನೆ. ಅವಸರ ಮಾಡದೆ ಮುಗಿಸಿ.

ಆಮೇಲೆ ಕ್ಯಾಂಪೇನ್, ಅಂದರೆ ಒಂದರ ಹಿಂದೆ ಒಂದು ಯುದ್ಧ ಬರುವ ಕಥೆಗಳು. ಹೆಚ್ಚಿನವರು ಹೆಸರು ಕೇಳಿ ನೇರ ಏರ್ ಟು ದಿ ಥ್ರೋನ್ ಹಿಡಿಯುತ್ತಾರೆ. ರಾಣಿ ಅಶೆವಿಯರ್ ಕಸಿದುಕೊಂಡ ಸಿಂಹಾಸನಕ್ಕಾಗಿ ಕಾನ್ರಾಡ್ ಹೋರಾಡುವ ಕಥೆ. ಬಹಳ ಚೆನ್ನಾಗಿದೆ, ಆದರೆ ಇಪ್ಪತ್ತಕ್ಕೂ ಹೆಚ್ಚು ಯುದ್ಧಗಳ ಉದ್ದದ ಹಾದಿ. ಮೊದಲಿಗೆ ಎ ಟೇಲ್ ಆಫ್ ಟೂ ಬ್ರದರ್ಸ್ ಆಡಿ. ನಾಲ್ಕೇ ಯುದ್ಧ. ಒಂದು ಹಳ್ಳಿಯನ್ನು ದುಷ್ಟ ಮಾಂತ್ರಿಕನಿಂದ ಕಾಪಾಡುವ ಅಣ್ಣತಮ್ಮಂದಿರ ಕಥೆ. ಅದು ಮುಗಿದರೆ ದಿ ಸೌತ್ ಗಾರ್ಡ್. ಕಷ್ಟದ ಮಟ್ಟ ಕೇಳಿದಾಗ ಎಲ್ಲಕ್ಕಿಂತ ಸುಲಭದ್ದನ್ನೇ ಆರಿಸಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸುಲಭದ ಮಟ್ಟವೂ ಹೊಸಬರಿಗೆ ಬೆವರಿಳಿಸುತ್ತದೆ.

ನೆಲ ನೋಡಿ ನಿಲ್ಲಿ

ಮ್ಯಾಪ್ ತುಂಬ ಆರು ಮೂಲೆಯ ಮನೆಗಳು. ಒಂದೊಂದು ಮನೆ ಒಂದೊಂದು ಬಗೆಯ ನೆಲ. ಹುಲ್ಲು, ಕಾಡು, ಗುಡ್ಡ, ಬೆಟ್ಟ, ನೀರು, ಕೆಸರು, ಊರು, ಕೋಟೆ. ನಿಮ್ಮ ಒಬ್ಬ ಸೈನಿಕನ, ಅಂದರೆ ಯೂನಿಟ್‌ನ ಮೇಲೆ ಕ್ಲಿಕ್ ಮಾಡಿ ಬೇರೆ ಮನೆಯ ಮೇಲೆ ಮೌಸ್ ತಂದರೆ ಒಂದು ಪರ್ಸೆಂಟ್ ಕಾಣುತ್ತದೆ. ಅಲ್ಲಿ ನಿಂತರೆ ಶತ್ರುವಿನ ಏಟು ತಪ್ಪುವ ಸಾಧ್ಯತೆ ಅದು.

ಮನುಷ್ಯರ ಕಾಲಾಳುಗಳಿಗೆ ಊರಿನಲ್ಲೂ ಕೋಟೆಯಲ್ಲೂ 60, ಗುಡ್ಡದಲ್ಲಿ 50, ಹುಲ್ಲಿನಲ್ಲಿ 40, ತೆಳು ನೀರಿನಲ್ಲಿ ಬರೀ 20. ಕಾಡಿನ ಜನ ಎಲ್ಫ್‌ಗಳು ಕಾಡಿಗೆ ಹೊಕ್ಕರೆ ಹೆಚ್ಚಿನವರಿಗೆ 60 ದಾಟುತ್ತದೆ. ಕುಳ್ಳರಾದ ಡ್ವಾರ್ಫ್‌ಗಳಿಗೆ ಬೆಟ್ಟದ ಮೇಲೆ 70, ಬಯಲಿಗೆ ಇಳಿದರೆ 30. ಕುದುರೆ ಸವಾರರಿಗೆ ಊರೊಳಗೆ ಹೊಕ್ಕರೂ 40 ಮಾತ್ರ, ಅವರನ್ನು ಊರು ಕಾಯಲು ಇಡಬೇಡಿ.

ಈ ಅಂಕಿ ಎಷ್ಟು ಮುಖ್ಯ ಅಂತ ಒಂದು ಹೊಡೆತ ಬಿಡಿಸಿ ನೋಡೋಣ. ನಿಮ್ಮ ಈಟಿಯವನು, ಅಂದರೆ ಸ್ಪಿಯರ್‌ಮ್ಯಾನ್, ನಿಂತಿದ್ದಾನೆ. ಎದುರಿನಿಂದ ರಾಕ್ಷಸರಂಥ ಆರ್ಕ್‌ಗಳ ಕಾಲಾಳು ಗ್ರಂಟ್ ಬಂದು ಕತ್ತಿ ಬೀಸುತ್ತಾನೆ. ಅವನಿಗೆ ಎರಡು ಏಟು. ನಿಮ್ಮವನು ಊರಿನಲ್ಲಿದ್ದರೆ ಒಂದೊಂದು ಏಟು ಬೀಳುವ ಸಾಧ್ಯತೆ 40. ಎರಡೂ ಬೀಳುವುದು ನೂರಕ್ಕೆ 16 ಸಲ, ಎರಡೂ ತಪ್ಪುವುದು 36 ಸಲ. ಅದೇ ಅವನು ಹೊಳೆ ದಾಟುತ್ತಾ ನೀರಿನಲ್ಲಿ ನಿಂತಿದ್ದರೆ ಒಂದೊಂದು ಏಟಿಗೆ 80. ಎರಡೂ ಬೀಳುವುದು 64 ಸಲ, ಎರಡೂ ತಪ್ಪುವುದು ಬರೀ 4 ಸಲ. ಸೈನಿಕ ಅವನೇ, ಶತ್ರುವೂ ಅವನೇ. ಒಂದು ಮನೆ ಪಕ್ಕಕ್ಕೆ ನಿಂತದ್ದಕ್ಕೆ ಪೆಟ್ಟು ಅರ್ಧ ಆಯಿತು.

ಹೊಡೆಯುವ ಮುಂಚೆ ಬರುವ ಕಿಟಕಿಯಲ್ಲಿ ಡ್ಯಾಮೇಜ್ ಕ್ಯಾಲ್ಕುಲೇಷನ್ಸ್ ಅಂತ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಇದೇ ಲೆಕ್ಕವನ್ನು ಗೇಮ್ ತಾನೇ ಹಾಕಿ ತೋರಿಸುತ್ತದೆ. ಕೊನೆಗೆ ಯಾರಿಗೆ ಎಷ್ಟು ಜೀವ ಉಳಿಯಬಹುದು, ಸಾಯುವ ಸಾಧ್ಯತೆ ಎಷ್ಟು, ಎಲ್ಲವೂ ಇರುತ್ತದೆ. ಕಲಿಯುವ ದಿನಗಳಲ್ಲಿ ಪ್ರತಿ ಹೊಡೆತಕ್ಕೂ ಇದನ್ನು ತೆರೆದು ನೋಡಿ.

ಕ್ಯಾತ್ಸಂದ್ರದ ಒಬ್ಬ ಹುಡುಗ ಮೊನ್ನೆ ಪಕ್ಕದಲ್ಲಿ ಕೂತು ಆಡುತ್ತಾ, ಮೇಜ್‌ನಿಂದ ಅಂದರೆ ಮಾಂತ್ರಿಕನಿಂದ ಹೊಡೆಸಿದವನು ಮೌಸ್ ಕುಕ್ಕಿಬಿಟ್ಟ.

"ಅಣ್ಣಾ, ಮೇಜ್‌ಗೆ ಯಾವಾಗಲೂ 70 ಪರ್ಸೆಂಟ್ ಅಂದ್ರಿ. ಮೂರಕ್ಕೆ ಮೂರೂ ಮಿಸ್!"

"ಮಿಸ್ ಆಯ್ತು ಬಿಡೋ. ನಿನ್ನ ಮೇಜ್ ಈಗ ಎಲ್ಲಿ ನಿಂತವ್ನೆ?"

"ನೀರಲ್ಲಿ."

"ಪಕ್ಕದಲ್ಲಿ ಇನ್ನೂ ಎಷ್ಟು ಆರ್ಕ್ ಅವೆ?"

"ಎರಡು... ಅಯ್ಯೋ."

ಎದುರಾಳಿ ಯಾವ ನೆಲದ ಮೇಲೆ ನಿಂತಿದ್ದರೂ ಮೇಜ್‌ನ ಒಂದೊಂದು ಏಟು ಬೀಳುವ ಸಾಧ್ಯತೆ 70. ಮೂರೂ ಏಟು ತಪ್ಪುವುದು ನೂರಕ್ಕೆ ಸುಮಾರು 3 ಸಲ. ಒಂದು ಯುದ್ಧದಲ್ಲಿ ಹತ್ತಾರು ಹೊಡೆತ ನಡೆಯುತ್ತವೆ, ಆ 3 ಯಾವಾಗಲೋ ಬಂದೇ ಬರುತ್ತದೆ. ಅದು ಬಂದಾಗಲೂ ನಿಮ್ಮವನು ಬದುಕಿ ಉಳಿಯುವ ಹಾಗೆ ನಿಲ್ಲಿಸಿದ್ದೀರಾ ಅನ್ನುವುದೇ ಪ್ರಶ್ನೆ. ಮೇಜ್‌ಗೆ ಜೀವ 24 ಅಷ್ಟೇ. ಆ ಹುಡುಗ ಹೊಡೆಯುವ ಮುಂಚೆ ನೀರು ಬಿಟ್ಟು ಗುಡ್ಡದ ಕಡೆಯಿಂದ ಬಂದಿದ್ದರೆ ಮೂರು ಏಟು ತಪ್ಪಿದ್ದೂ ದೊಡ್ಡ ವಿಷಯ ಆಗುತ್ತಿರಲಿಲ್ಲ.

ಹಗಲು ರಾತ್ರಿಯ ಲೆಕ್ಕ

ಈ ಆಟದ ಜೀವ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಆರು ಟರ್ನ್ ಸೇರಿದರೆ ಒಂದು ದಿನ. ಮುಂಜಾವು, ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಮೊದಲ ಜಾವ, ಎರಡನೇ ಜಾವ. ಪರದೆಯ ಮೂಲೆಯಲ್ಲಿ ಸೂರ್ಯ ಚಂದ್ರರ ಚಿತ್ರ ಇರುತ್ತದೆ. ಯೂನಿಟ್‌ಗಳಲ್ಲಿ ಲಾಫುಲ್ ಅಂತ ಇದ್ದವರು ಹಗಲಿನ ಎರಡು ಟರ್ನ್‌ಗಳಲ್ಲಿ ಶೇ. 25 ಜೋರಾಗಿ ಹೊಡೆಯುತ್ತಾರೆ, ರಾತ್ರಿಯ ಎರಡು ಟರ್ನ್‌ಗಳಲ್ಲಿ ಶೇ. 25 ಕಡಿಮೆ. ಕಯಾಟಿಕ್ ಅಂತ ಇದ್ದವರದು ಇದಕ್ಕೆ ಉಲ್ಟಾ. ಮುಂಜಾವು, ಮುಸ್ಸಂಜೆಯಲ್ಲಿ ಇಬ್ಬರೂ ಸಮ. ಮನುಷ್ಯರ ಸೈನ್ಯದಲ್ಲಿ ಹೆಚ್ಚಿನವರು, ಡ್ರ್ಯಾಗನ್‌ನಂಥ ಡ್ರೇಕ್‌ಗಳು ಲಾಫುಲ್. ಆರ್ಕ್‌ಗಳು, ಅನ್‌ಡೆಡ್ ಅಂದರೆ ಸತ್ತು ಎದ್ದವರು ಕಯಾಟಿಕ್. ಎಲ್ಫ್‌ಗಳಲ್ಲಿ, ಡ್ವಾರ್ಫ್‌ಗಳಲ್ಲಿ ಹೆಚ್ಚಿನವರಿಗೆ ಹಗಲು ರಾತ್ರಿ ಒಂದೇ.

ಶೇ. 25 ಅಂದರೆ ಸಣ್ಣದು ಅನ್ನಿಸುತ್ತದೆ. ಅದೇ ಈಟಿಯವನು, ಅದೇ ಗ್ರಂಟ್ ಇಟ್ಟುಕೊಂಡು ನೋಡಿ. ಈಟಿಯವನದು 7ರ ಮೂರು ಏಟು. ಗ್ರಂಟ್‌ನದು 9ರ ಎರಡು ಏಟು. ಹಗಲಿನಲ್ಲಿ ಈಟಿಯವನ ಏಟು 9ಕ್ಕೆ ಏರುತ್ತದೆ, ಮೂರೂ ಬಿದ್ದರೆ 27. ಗ್ರಂಟ್‌ನದು 7ಕ್ಕೆ ಇಳಿಯುತ್ತದೆ, ಎರಡೂ ಬಿದ್ದರೆ 14. ರಾತ್ರಿ ಬಂತು ಅಂದುಕೊಳ್ಳಿ. ಈಟಿಯವನು 5ರಂತೆ 15, ಗ್ರಂಟ್ 11ರಂತೆ 22. ಹಗಲಿನಲ್ಲಿ ನೀವು ಅವನ ಎರಡರಷ್ಟು ಹತ್ತಿರ ಹೊಡೆಯುತ್ತಿದ್ದಿರಿ. ರಾತ್ರಿ ಅವನು ನಿಮಗಿಂತ ಒಂದೂವರೆ ಪಟ್ಟು ಹತ್ತಿರ ಹೊಡೆಯುತ್ತಾನೆ. ಇಬ್ಬರ ಜೀವವೂ 36, 38ರ ಆಸುಪಾಸು.

ಇನ್ನು ಕೆಲಸಕ್ಕೆ ಬರುವ ಮಾತು. ಹೆಚ್ಚಿನ ಯುದ್ಧಗಳು ಮುಂಜಾವಿನಲ್ಲಿ ಶುರು ಆಗುತ್ತವೆ. ಟರ್ನ್ 1ಕ್ಕೆ ಸೈನಿಕರನ್ನು ಕರೆದು 2, 3ರಲ್ಲಿ ಓಡಿದರೆ ಶತ್ರುವಿನ ಮುಂದೆ ನಿಲ್ಲುವುದು 4ಕ್ಕೆ, ಮುಸ್ಸಂಜೆಯಲ್ಲಿ. ಆರ್ಕ್‌ಗಳ ಎದುರು ಹೊಸಬರು ಸೋಲುವುದು ಬಹುತೇಕ ಹೀಗೆ. ಹಗಲೆಲ್ಲ ನಡೆದು, ಕತ್ತಲಾಗುವ ಹೊತ್ತಿಗೆ ಬಯಲಿನಲ್ಲಿ ಅವರಿಗೆ ಸಿಕ್ಕಿಬೀಳುವುದು.

ನೀವು ಹೀಗೆ ಮಾಡಿ. ಮೊದಲ ಮೂರು ಟರ್ನ್‌ನಲ್ಲಿ ಊರುಗಳನ್ನು ಹಿಡಿಯುತ್ತಾ ಅರ್ಧ ದಾರಿ ಮಾತ್ರ ಹೋಗಿ. ಗುಡ್ಡವೋ ಕಾಡೋ ಊರೋ ಸಿಗುವ ಜಾಗದಲ್ಲಿ 4ನೇ ಟರ್ನ್‌ಗೆ ನಿಂತುಬಿಡಿ. ಎದುರಿಗೆ ಹೊಳೆ ಇದ್ದರೆ ಇನ್ನೂ ಒಳ್ಳೆಯದು. 5, 6ರಲ್ಲಿ ಆರ್ಕ್‌ಗಳು ರಾತ್ರಿಯ ಬಲದಲ್ಲಿ ನುಗ್ಗಿ ಬರುತ್ತಾರೆ, ಬಂದು ನೀರಿನಲ್ಲಿ ನಿಲ್ಲುತ್ತಾರೆ. ಕಂಪ್ಯೂಟರ್ ನಡೆಸುವ ಶತ್ರುವಿಗೆ ಕಾಯುವ ತಾಳ್ಮೆ ಕಡಿಮೆ. ನೀವು ಆ ಎರಡು ಟರ್ನ್ ತಡೆದುಕೊಂಡು, ತೀರಾ ಗಾಯ ಆದವರನ್ನು ಹಿಂದಕ್ಕೆ ಕಳಿಸಿ. 7ಕ್ಕೆ ಮತ್ತೆ ಮುಂಜಾವು. 8, 9ರಲ್ಲಿ ನೀರಿನಲ್ಲಿ ನಿಂತಿರುವ ಅವರ ಮೇಲೆ ಬೆಳಕಿನಲ್ಲಿ ಬೀಳಿ. ಆ ಎರಡು ಟರ್ನ್‌ನಲ್ಲಿ ಅವರ ಸೈನ್ಯದ ಬೆನ್ನುಮೂಳೆ ಮುರಿಯುತ್ತದೆ.

ಕಂಟ್ರೋಲ್ ಜೊತೆ ವಿ ಒತ್ತಿದರೆ ಮುಂದಿನ ಟರ್ನ್‌ನಲ್ಲಿ ಶತ್ರು ಎಲ್ಲೆಲ್ಲಿಗೆ ಬರಬಹುದು ಅಂತ ಬಣ್ಣದಲ್ಲಿ ತೋರಿಸುತ್ತದೆ. ರಾತ್ರಿ ಬರುವ ಮುಂಚೆ ಒಮ್ಮೆ ಒತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಗೋಲ್ಡ್ ಮತ್ತು ಊರುಗಳು

ಲೀಡರ್ ಕೋಟೆಯ ನಡುಮನೆಯಲ್ಲಿ, ಅಂದರೆ ಕೀಪ್‌ನಲ್ಲಿ ನಿಂತಾಗ ಮಾತ್ರ ಸೈನಿಕರನ್ನು ಕರೆಯಬಹುದು. ಸುತ್ತಲಿನ ಕೋಟೆಯ ಮನೆ ಖಾಲಿ ಇರಬೇಕು, ಅಲ್ಲಿ ರೈಟ್ ಕ್ಲಿಕ್ ಮಾಡಿ ರಿಕ್ರೂಟ್ ಆರಿಸಿ. ಈಟಿಯವನಿಗೆ 14 ಗೋಲ್ಡ್, ಎಲ್ಫ್ ಫೈಟರ್‌ಗೆ 14, ಮೇಜ್‌ಗೆ 20. ಗ್ರಂಟ್ ಅಗ್ಗ, 12.

ಟರ್ನಿಗೆ 2 ಗೋಲ್ಡ್ ಸುಮ್ನೆ ಬರುತ್ತದೆ. ಮಿಕ್ಕದ್ದು ಊರುಗಳಿಂದ. ಸೈನಿಕರಿಗೆ ಸಂಬಳವೂ ಇದೆ, ಲೆವೆಲ್ 1ರವನಿಗೆ ಟರ್ನಿಗೆ 1, ಲೆವೆಲ್ 2ರವನಿಗೆ 2. ಒಂದೊಂದು ಊರು ಒಂದೊಂದು ಲೆವೆಲ್‌ನ ಸಂಬಳ ಹೊರುತ್ತದೆ. ಎಂಟು ಜನ ಲೆವೆಲ್ 1 ಇದ್ದು ಆರು ಊರು ಹಿಡಿದಿದ್ದರೆ ನಿಮ್ಮ ಜೇಬಿನಿಂದ ಹೋಗುವುದು 2 ಮಾತ್ರ. ಆದ್ದರಿಂದ ಮೊದಲಿಗೆ ಒಬ್ಬ ಕುದುರೆ ಸವಾರನನ್ನೋ ಎಲ್ಫ್ ಸ್ಕೌಟ್‌ನನ್ನೋ ಕರೆದು ದೂರದ ಊರುಗಳಿಗೆ ಓಡಿಸಿ. ಹತ್ತಿರದ ಊರುಗಳನ್ನು ಕಾಲಾಳುಗಳು ದಾರಿಯಲ್ಲೇ ಹಿಡಿಯುತ್ತಾರೆ. ಶತ್ರುವಿನ ಊರು ಒಂದು ಕಿತ್ತುಕೊಂಡರೆ ಅವನಿಗೆ ನಷ್ಟ, ನಿಮಗೆ ಲಾಭ, ಎರಡೂ ಒಟ್ಟಿಗೆ.

ಯಾರು ತಿರುಗಿ ಹೊಡೆಯಲಾರರು?

ಹತ್ತಿರದಿಂದ ಹೊಡೆದರೆ ಶತ್ರು ಹತ್ತಿರದ ಆಯುಧದಿಂದಲೇ ತಿರುಗಿ ಹೊಡೆಯಬೇಕು. ದೂರದಿಂದ ಹೊಡೆದರೆ ದೂರದ ಆಯುಧದಿಂದ. ಅವನ ಹತ್ತಿರ ಅಂಥ ಆಯುಧ ಇಲ್ಲದಿದ್ದರೆ ಸುಮ್ನೆ ಪೆಟ್ಟು ತಿನ್ನುತ್ತಾನೆ. ಗ್ರಂಟ್‌ಗೆ ಬಿಲ್ಲು ಬಾಣ ಇಲ್ಲ. ನಿಮ್ಮ ಎಲ್ಫ್ ಬಿಲ್ಲುಗಾರ ಅವನ ಮೇಲೆ ಬಾಣ ಬಿಟ್ಟರೆ ನಿಮಗೆ ಒಂದು ಗೀರೂ ಆಗುವುದಿಲ್ಲ. ಸತ್ತವರನ್ನು ಎಬ್ಬಿಸುವ ವಿದ್ಯೆ ಕಲಿಯುತ್ತಿರುವ ಡಾರ್ಕ್ ಅಡೆಪ್ಟ್‌ಗೆ ಇದು ಉಲ್ಟಾ, ಅವನಿಗೆ ದೂರದ ಮಂತ್ರ ಮಾತ್ರ ಗೊತ್ತು. ಕತ್ತಿ ಹಿಡಿದು ಮೈಮೇಲೆ ಬಿದ್ದರೆ ಕೈಕಟ್ಟಿ ನಿಲ್ಲುತ್ತಾನೆ. ಹಾರ್ಸ್‌ಮ್ಯಾನ್ ಎಂಬ ಕುದುರೆಯವನು ನುಗ್ಗಿದರೆ ಕೊಡುವ ಪೆಟ್ಟೂ ಎರಡರಷ್ಟು, ತಿನ್ನುವ ಪೆಟ್ಟೂ ಎರಡರಷ್ಟು. ತಿರುಗಿ ಹೊಡೆಯಲಾರದ ಡಾರ್ಕ್ ಅಡೆಪ್ಟ್ ಮೇಲೆ ಹಗಲಿನಲ್ಲಿ ಅವನನ್ನು ಬಿಡಿ. ಈಟಿಯವರ ಮೇಲೆ ಮಾತ್ರ ಖಂಡಿತ ಬಿಡಬೇಡಿ, ಅವರು ಮೊದಲ ಏಟು ತಾವೇ ಹೊಡೆಯುತ್ತಾರೆ.

ಅಸ್ಥಿಪಂಜರಗಳು, ಅಂದರೆ ಸ್ಕೆಲಿಟನ್‌ಗಳು ಬಂದರೆ ಕತ್ತಿ ಈಟಿ ಹೆಚ್ಚು ನಾಟುವುದಿಲ್ಲ. ಅವಕ್ಕೆ ಬೆಂಕಿ ಬೇಕು, ಗದೆಯ ಏಟು ಬೇಕು. ಮೇಜ್, ಹೆವಿ ಇನ್‌ಫೆಂಟ್ರಿ ಇಬ್ಬರನ್ನು ಕರೆಯಿರಿ. ಶತ್ರುವಿನ ಮೇಲೆ ರೈಟ್ ಕ್ಲಿಕ್ ಮಾಡಿ ವಿವರ ತೆರೆದರೆ ಯಾವ ಪೆಟ್ಟಿಗೆ ಅವನು ಗಟ್ಟಿ, ಯಾವುದಕ್ಕೆ ಮೆತ್ತಗೆ ಅಂತ ಪಟ್ಟಿಯೇ ಇದೆ.

ಸಾಲು ಕಟ್ಟುವುದು

ಚಿಕ್ಕಂದಿನಲ್ಲಿ ಗುಡಿಯ ಜಗಲಿ ಕಲ್ಲಿನ ಮೇಲೆ ಹುಲಿ ಕುರಿ ಆಟ ಆಡಿದವರಿಗೆ ಈ ಭಾಗ ಬೇಗ ಹಿಡಿಸುತ್ತದೆ. ಒಂಟಿ ಕುರಿಯನ್ನು ಹುಲಿ ಹಾರಿ ತಿನ್ನುತ್ತದೆ, ಕುರಿಗಳು ಒತ್ತಾಗಿ ನಿಂತರೆ ಹುಲಿಗೆ ಜಾಗ ಇರುವುದಿಲ್ಲ. ವೆಸ್‌ನಾತ್‌ನಲ್ಲಿ ಲೆವೆಲ್ 1 ಅಥವಾ ಮೇಲಿನ ಪ್ರತಿ ಯೂನಿಟ್ ತನ್ನ ಸುತ್ತಲಿನ ಆರು ಮನೆಗಳನ್ನು ಕಾಯುತ್ತದೆ. ಆ ಮನೆಗೆ ಕಾಲಿಟ್ಟ ಶತ್ರು ಆ ಟರ್ನ್‌ನಲ್ಲಿ ಮುಂದೆ ಹೋಗಲಾರ, ಅಲ್ಲೇ ನಿಲ್ಲಬೇಕು. ಲೆವೆಲ್ 0ಯವರು ಹೀಗೆ ಕಾಯಲಾರರು. ಸ್ಕರ್ಮಿಶರ್ ಗುಣ ಇರುವ ಫೆನ್ಸರ್‌ನಂಥವರು ಇದಕ್ಕೆ ಸಿಗದೆ ನುಸುಳುತ್ತಾರೆ.

ಇದರಿಂದ ಏನು ಲಾಭ? ನೀವು ಎಲ್ಲ ಮನೆಯಲ್ಲೂ ಒಬ್ಬೊಬ್ಬನನ್ನು ನಿಲ್ಲಿಸಬೇಕಾಗಿಲ್ಲ. ಇಬ್ಬರ ನಡುವೆ ಎರಡು ಮನೆ ಖಾಲಿ ಬಿಟ್ಟರೂ ಶತ್ರು ಒಂದೇ ಟರ್ನ್‌ನಲ್ಲಿ ದಾಟಲಾರ. ಬಿಲ್ಲುಗಾರರು, ಗಾಯಾಳುಗಳು ಹಿಂದೆ ನೆಮ್ಮದಿಯಾಗಿ ಇರಬಹುದು. ಮೂರು ಮನೆ ಬಿಟ್ಟರೆ ನಡುವೆ ಕಿಂಡಿ ಆಗುತ್ತದೆ.

ಆದರೆ ರಾತ್ರಿ ಜೋರಾದ ದಾಳಿ ಬರುವುದಿದ್ದರೆ ಒತ್ತಾಗಿ ನಿಲ್ಲಿ. ಮ್ಯಾಪ್‌ನಲ್ಲಿ ಮೇಲಿನಿಂದ ಕೆಳಕ್ಕೆ ನೇರ ಸಾಲು ಕಟ್ಟಿದರೆ ಪ್ರತಿಯೊಬ್ಬನ ಎದುರಿಗೂ ಎರಡೇ ಮನೆ, ಅಂದರೆ ಇಬ್ಬರು ಮಾತ್ರ ಹೊಡೆಯಬಹುದು. ಎಡದಿಂದ ಬಲಕ್ಕೆ ಕಟ್ಟಿದರೆ ಸಾಲು ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ. ಮುಂದಕ್ಕೆ ಚಾಚಿದವನ ಎದುರು ಮೂರು ಮನೆ, ಹಿಂದಕ್ಕೆ ಸರಿದವನ ಎದುರು ಒಂದೇ. ಗಟ್ಟಿಮುಟ್ಟಾದವನನ್ನು ಮುಂಚಾಚಿನಲ್ಲಿ, ಮೇಜ್‌ನನ್ನು ಒಳಸರಿದ ಮನೆಯಲ್ಲಿ ಇಡಿ. ಮೇಜ್ ಹೊಡೆಯಬಹುದು, ಅವನಿಗೆ ಹೊಡೆಯುವವನು ಒಬ್ಬನೇ. ಸಾಲಿನ ಎರಡು ತುದಿಗಳನ್ನು ಬೆಟ್ಟಕ್ಕೋ ಹೊಳೆಗೋ ತಾಗಿಸಿ ನಿಲ್ಲಿಸಿದರೆ ಪಕ್ಕದಿಂದ ಸುತ್ತಿ ಬರುವ ಭಯವೂ ಇಲ್ಲ.

ಗಾಯ ಮಾಗುವುದು, ಲೆವೆಲ್ ಏರುವುದು

ಊರಿನಲ್ಲಿ ಒಂದು ಟರ್ನ್ ಕಳೆದರೆ 8 ಜೀವ ಮರಳುತ್ತದೆ. ವಿಷ ಏರಿದ್ದರೆ ಮೊದಲು ವಿಷ ಇಳಿಯುತ್ತದೆ. ಎಲ್ಫ್ ಶಾಮನ್ ಪಕ್ಕದಲ್ಲಿದ್ದರೆ 4, ವೈಟ್ ಮೇಜ್ ಪಕ್ಕದಲ್ಲಿದ್ದರೆ 8. ಅಲುಗಾಡದೆ ಕಾದಾಡದೆ ನಿಂತವನಿಗೆ 2. ವಿಷ ಟರ್ನಿಗೆ 8 ಜೀವ ತಿನ್ನುತ್ತದೆ, ಆದರೆ ಸಾಯಿಸುವುದಿಲ್ಲ, 1ಕ್ಕೆ ತಂದು ನಿಲ್ಲಿಸುತ್ತದೆ.

ಕ್ಯಾಂಪೇನ್‌ನಲ್ಲಿ ಸತ್ತವನು ಸತ್ತ ಹಾಗೇ. ಮುಂದಿನ ಯುದ್ಧಕ್ಕೆ ಬರುವುದಿಲ್ಲ. ಬದುಕಿದವರನ್ನು ಮಾತ್ರ 20 ಗೋಲ್ಡ್ ಕೊಟ್ಟು ರೀಕಾಲ್ ಮಾಡಬಹುದು, ಅಂದರೆ ಮತ್ತೆ ಕರೆಯಬಹುದು. ಹಾಗಾಗಿ ಹಳಬರನ್ನು ಜೋಪಾನ ಮಾಡುವುದು ಈ ಆಟದಲ್ಲಿ ದೊಡ್ಡ ವಿದ್ಯೆ. ಎರಡು ಯುದ್ಧ ಜೊತೆಗೆ ಬಂದ ಸೈನಿಕನ ಹೆಸರು ನಿಮಗೇ ನೆನಪಿರುತ್ತದೆ, ಅವನನ್ನು ಸುಮ್ನೆ ಬಲಿ ಕೊಡಲು ಮನಸ್ಸು ಬರುವುದಿಲ್ಲ. ನನಗೆ ಈ ಆಟ ಇಷ್ಟ ಆಗಲು ಅದೂ ಒಂದು ಕಾರಣ.

ಹೋರಾಡಿದರೆ ಶತ್ರುವಿನ ಲೆವೆಲ್‌ನಷ್ಟು ಅನುಭವ ಸಿಗುತ್ತದೆ. ಕೊಂದರೆ ಲೆವೆಲ್‌ನ ಎಂಟರಷ್ಟು, ಅಂದರೆ ಲೆವೆಲ್ 1ಕ್ಕೆ 8, ಲೆವೆಲ್ 2ಕ್ಕೆ 16. ಲೆವೆಲ್ 0ಯವನನ್ನು ಕೊಂದರೆ 4. ಅಂದ ಮೇಲೆ ಕೊನೆಯ ಏಟು ಯಾರಿಗೆ ಬಿಡಬೇಕು ಅನ್ನುವುದನ್ನು ಯೋಚಿಸಿ. ಗ್ರಂಟ್‌ಗೆ ಜೀವ 7 ಉಳಿದಿದೆ, ಪಕ್ಕದಲ್ಲಿ ಹಳೇ ಲೆವೆಲ್ 3 ಯೋಧನೂ ಇದ್ದಾನೆ, ಹೊಸ ಮೇಜೂ ಇದ್ದಾನೆ. ಮೇಜ್‌ಗೆ ಬಿಡಿ. ಲೆವೆಲ್ ಏರಿದ ಕ್ಷಣ ಪೂರ್ತಿ ಜೀವ ತುಂಬುತ್ತದೆ. ಮೇಜ್ ಏರುವಾಗ ವೈಟ್ ಮೇಜ್ ಬೇಕೋ ರೆಡ್ ಮೇಜ್ ಬೇಕೋ ಅಂತ ಕೇಳುತ್ತದೆ. ಮೊದಲನೆಯವನನ್ನು ವೈಟ್ ಮೇಜ್ ಮಾಡಿ. ಗಾಯ ಮಾಗಿಸುವವನು ಒಬ್ಬ ಸಾಲಿನ ಹಿಂದೆ ಇದ್ದರೆ ರಾತ್ರಿ ಕಳೆಯುವುದು ಎಷ್ಟೋ ಸುಲಭ.

ಯುದ್ಧ ಬೇಗ ಮುಗಿಸಿದರೆ ಉಳಿದ ಟರ್ನ್‌ಗಳಿಗೆ ಬೋನಸ್ ಗೋಲ್ಡ್ ಸಿಗುತ್ತದೆ, ಕೈಯಲ್ಲಿದ್ದ ಗೋಲ್ಡ್‌ನ ಒಂದು ಪಾಲು ಮುಂದಿನ ಯುದ್ಧಕ್ಕೆ ಹೋಗುತ್ತದೆ. ಆದರೆ ಬೋನಸ್ ಆಸೆಗೆ ರಾತ್ರಿ ನುಗ್ಗಿ ಮೂವರು ಹಳಬರನ್ನು ಕಳೆದುಕೊಳ್ಳುವುದು ಲಾಭದ ವ್ಯವಹಾರ ಅಲ್ಲ.

ಮಧುಗಿರಿಯನ್ನೇ ಮ್ಯಾಪ್ ಮಾಡಿ

ಒಂದೆರಡು ಕ್ಯಾಂಪೇನ್ ಮುಗಿದ ಮೇಲೆ ಗೆಳೆಯರ ಜೊತೆ ಆಡಿ, ಅದರ ರುಚಿಯೇ ಬೇರೆ. ಒಂದೇ ಲ್ಯಾಪ್‌ಟಾಪ್ ಇದ್ದರೆ ಮಲ್ಟಿಪ್ಲೇಯರ್‌ನಲ್ಲಿ ಲೋಕಲ್ ಗೇಮ್ ಆರಿಸಿ, ಒಬ್ಬರ ಟರ್ನ್ ಆದ ಮೇಲೆ ಇನ್ನೊಬ್ಬರು ಮೌಸ್ ಹಿಡಿಯಿರಿ. ಎರಡು ಲ್ಯಾಪ್‌ಟಾಪ್ ಇದ್ದರೆ ಒಂದೇ ಹಾಟ್‌ಸ್ಪಾಟ್‌ಗೆ ಸೇರಿಸಿ, ಒಬ್ಬರು ಹೋಸ್ಟ್ ಮಾಡಿ ಇನ್ನೊಬ್ಬರು ಜಾಯಿನ್ ಆಗಿ. ಇಬ್ಬರದೂ ಒಂದೇ ಆವೃತ್ತಿ ಇರಬೇಕು.

ಗೇಮ್ ಜೊತೆಗೇ ಮ್ಯಾಪ್ ಎಡಿಟರ್ ಬರುತ್ತದೆ. ಇದನ್ನು ಬಹಳ ಜನ ತೆರೆದೇ ನೋಡಿರುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಮ್ಯಾಪ್‌ಗೆ ವಿಷಯ ಹುಡುಕಬೇಕಾಗಿಲ್ಲ, ಮಧುಗಿರಿ ಇದೆ. ಏಕಶಿಲಾ ಬೆಟ್ಟ, ಬಂಡೆಯ ಮೇಲೆ ಸುತ್ತು ಸುತ್ತಾಗಿ ಏರುವ ಕೋಟೆ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಜಯಮಂಗಲಿ ನದಿಯೂ ಆ ಕಡೆಯೇ ಇದೆ.

ಎಡಿಟರ್ ತೆರೆದು ಹೊಸ ಮ್ಯಾಪ್ ಮಾಡಿ, ಎಲ್ಲ ಹುಲ್ಲು ತುಂಬಿ. ಒಂದು ಪಕ್ಕಕ್ಕೆ ಬೆಟ್ಟ ಬರೆಯಿರಿ. ಬಂಡೆಯ ಕಡಿದಾದ ಬದಿಗೆ ಯಾರೂ ಹತ್ತಲಾರದ ಇಂಪ್ಯಾಸಬಲ್ ಬೆಟ್ಟದ ಮನೆಗಳನ್ನು ಇಡಿ. ಹತ್ತುವ ದಾರಿಗೆ ಒಂದು ಸಾಲು ಗುಡ್ಡದ ಮನೆ. ನೆತ್ತಿಯಲ್ಲಿ ಕೀಪ್, ಅದಕ್ಕೆ ಅಂಟಿದ ಹಾಗೆ ಐದಾರು ಕೋಟೆಯ ಮನೆ. ಇನ್ನೊಂದು ಪಕ್ಕದ ಬಯಲಿನಲ್ಲಿ ದಾಳಿ ಮಾಡುವವನ ಕೀಪ್. ನಡುವೆ ನದಿ ಹರಿಸಿ, ಎರಡು ಕಡೆ ಫೋರ್ಡ್ ಇಡಿ. ಫೋರ್ಡ್ ಅಂದರೆ ಕಾಲ್ನಡಿಗೆಯಲ್ಲಿ ದಾಟುವ ಜಾಗ. ಅಲ್ಲಿ ಹುಲ್ಲಿನಲ್ಲಿ ಬಲ ಇರುವವನಿಗೆ ಹುಲ್ಲಿನ ಲೆಕ್ಕ, ನೀರಿನಲ್ಲಿ ಬಲ ಇರುವ ಮೀನುಜನರಿಗೆ ನೀರಿನ ಲೆಕ್ಕ.

ಈಗ ಒಂದು ತೊಂದರೆ ಬರುತ್ತದೆ. ಗುಡ್ಡದ ದಾರಿಯ ಬಾಯಲ್ಲಿ ಇಬ್ಬರನ್ನು ನಿಲ್ಲಿಸಿದರೆ ಮೇಲಿನವನನ್ನು ಯಾರೂ ಅಲುಗಾಡಿಸಲಾರರು. ಅದಕ್ಕೆ ಬೆಟ್ಟದ ಮೇಲೆ ಊರು ಇಡಬೇಡಿ, ಇಟ್ಟರೂ ಒಂದು ಮಾತ್ರ ಇಡಿ. ಮಿಕ್ಕ ಊರುಗಳನ್ನೆಲ್ಲ ನದಿಯ ಎರಡೂ ದಡಕ್ಕೆ ಹರಡಿ. ಕೋಟೆಯೊಳಗೆ ಕೂತವನಿಗೆ ಊರುಗಳ ಗೋಲ್ಡ್ ಬರುವುದಿಲ್ಲ, ಸಂಬಳ ಹೋಗುತ್ತಲೇ ಇರುತ್ತದೆ. ಹಗಲು ಬಂದಾಗ ಅವನೂ ಕೆಳಗಿಳಿಯಲೇಬೇಕು. ಕಾಡಿನ ಒಂದು ತುಂಡನ್ನು ನದಿ ಮತ್ತು ಬೆಟ್ಟದ ನಡುವೆ ಇಟ್ಟರೆ ಎಲ್ಫ್‌ಗಳನ್ನು ಆರಿಸಿದವನಿಗೂ ನಿಲ್ಲಲು ಜಾಗ ಸಿಗುತ್ತದೆ.

ಕೊನೆಗೆ ಸ್ಟಾರ್ಟಿಂಗ್ ಪೊಸಿಷನ್ ಟೂಲ್ ತೆಗೆದುಕೊಂಡು ಒಂದು ಕೀಪ್‌ಗೆ ಪ್ಲೇಯರ್ 1, ಇನ್ನೊಂದಕ್ಕೆ ಪ್ಲೇಯರ್ 2 ಗುರುತು ಹಾಕಿ. ಇದು ಮರೆತರೆ ಮ್ಯಾಪ್‌ನಲ್ಲಿ ಆಡಲು ಆಗುವುದಿಲ್ಲ. ಸೇವ್ ಮಾಡಿ, ಲೋಕಲ್ ಗೇಮ್‌ನಲ್ಲಿ ನಿಮ್ಮ ಸ್ವಂತ ಮ್ಯಾಪ್‌ಗಳ ಪಟ್ಟಿಯಿಂದ ಅದನ್ನು ಆರಿಸಿ. ಮೊದಲ ಆಟಕ್ಕೆ ಮೇಲೆ ಲಾಯಲಿಸ್ಟ್ ಎಂಬ ಮನುಷ್ಯರ ಸೈನ್ಯ, ಕೆಳಗೆ ನಾರ್ದರ್ನರ್ ಎಂಬ ಆರ್ಕ್‌ಗಳ ಸೈನ್ಯ ಇಟ್ಟುಕೊಳ್ಳಿ, ಅಂದರೆ ಹಗಲಿನವರು ಕೋಟೆಯಲ್ಲಿ, ರಾತ್ರಿಯವರು ಬಯಲಿನಲ್ಲಿ. ಒಂದು ಆಟ ಮುಗಿದ ಮೇಲೆ ಜಾಗ ಅದಲುಬದಲು ಮಾಡಿ ಆಡಿ. ಎರಡೂ ಸಲ ಬೆಟ್ಟದವನೇ ಗೆದ್ದರೆ ಗುಡ್ಡದ ಎರಡನೇ ದಾರಿ ಒಂದು ಬರೆದು, ಮತ್ತೆ ಸೇವ್ ಮಾಡಿ.